ಕೊನೇ ಫಾರಂ ಇಲ್ಲದ ಪತ್ತೇದಾರಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡೋ ಕೆಲಸ ನನ್ನ ತಲೆಗೆ ಬಂತು. ಬೆಂಗಳೂರಿನಲ್ಲಿ ಎಸಿ ಕೆಳಗೆ ಕೂತು ಕೋಡ್ ಬರೆಯೋನಿಗೆ ಸ್ವಲ್ಪ ಧೂಳಿನ ರುಚಿನೂ ತೋರಿಸೋಣ ಅಂತ ಅಮ್ಮ ತೀರ್ಮಾನ ಮಾಡಿದ್ಲು ಅನ್ಸುತ್ತೆ. ನಮ್ಮೂರು ಬಿಳಿಚೋಡು, ಜಗಳೂರು ತಾಲ್ಲೂಕು. ಈಗ ದಾವಣಗೆರೆ ಜಿಲ್ಲೆ, 1997ಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೆ. ಮಳೆ ಬಂದ್ರೆ ಮೆಕ್ಕೆಜೋಳ, ಬರ್ಲಿಲ್ಲ ಅಂದ್ರೆ ಆಕಾಶ ನೋಡೋದು. ಇಷ್ಟು ಪರಿಚಯ ಸಾಕು.

ಅಟ್ಟದ ಮೇಲೆ ಖಾಲಿ ಚೀಲಗಳು, ಒಂದು ಮುರಿದ ಕೂರಿಗೆ, ಅದರ ಹಿಂದೆ ಅಜ್ಜನ ತಗಡಿನ ಟ್ರಂಕು. ಅದರೊಳಗೆ ಹಳೇ ಪಂಚಾಂಗ, ಕಂದಾಯದ ರಸೀದಿಗಳು, ಎಲೆ ಅಡಿಕೆ ಚೀಲ, ಮತ್ತೆ ಎಲ್ಲಕ್ಕಿಂತ ಕೆಳಗೆ ಒಂದು ಪುಸ್ತಕ. ಪುಸ್ತಕ ಅನ್ನೋಕೂ ಆಗಲ್ಲ ಬಿಡಿ. ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರು ಅಂತ ಇಲ್ಲ. ಅಂಗೈ ಅಗಲದ್ದು. ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿದೆ. 17ನೇ ಪುಟದಿಂದ ಶುರುವಾಗಿ 112ಕ್ಕೆ ನಿಂತುಹೋಗುತ್ತೆ. ಒಂದೆರಡು ಪುಟ ಓದಿದೆ. ಒಂದು ಕೊಲೆ ಆಗಿದೆ, ಒಬ್ಬ ಪತ್ತೇದಾರ ಇದ್ದಾನೆ, ಒಂದು ರೈಲ್ವೆ ಸ್ಟೇಷನ್ ಇದೆ.

ಕೆಳಗಿಳಿಸಿ ತಂದು ತೋರಿಸಿದ್ರೆ ಅಪ್ಪಾಜಿ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಎದ್ದೇ ಬಿಟ್ರು.

"ಎಲ್ಲಿತ್ತೋ ಇದು? ಇದು ಹೋಗೇ ಬಿಡ್ತು ಅಂದ್ಕಂಡಿದ್ದೆ ನಾನು. ಇದರಾಗೆ ಕೊಲೆ ಮಾಡಿದೋನು ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ನೋಡಪ್ಪ!"

ಆಮೇಲೆ ಕತೆ ಹೊರಗೆ ಬಂತು. ನಮ್ಮಜ್ಜ ಶಾಲೆ ಕಂಡಿದ್ದು ಎರಡನೇ ಇಯತ್ತೆವರೆಗೆ. ಹರೆಯದಲ್ಲಿ ದಾವಣಗೆರೆಗೆ ಹೋಗಿ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ್ರಂತೆ. ಒಂದು ರೂಮಿನಲ್ಲಿ ಐದಾರು ಜನ. ಅವರಲ್ಲಿ ಓದು ಬರ್ತಿದ್ದೋನು ಒಬ್ಬನೇ. ಅವನು ಪಾಳಿ ಮುಗಿಸಿ ಬಂದು ರಾತ್ರಿ ಲಾಟೀನಿನ ಬೆಳಕಲ್ಲಿ ಪತ್ತೇದಾರಿ ಕಾದಂಬರಿ ಗಟ್ಟಿಯಾಗಿ ಓದೋನಂತೆ, ಉಳಿದವರು ಸುತ್ತ ಮಲಗಿ ಕೇಳೋರಂತೆ. ದಿನಕ್ಕೆ ಎರಡೇ ಅಧ್ಯಾಯ. ಒಂದು ಸಲ ಕತೆ ಭಾರೀ ಜೋರಿನಲ್ಲಿದ್ದಾಗ ಆ ಮನುಷ್ಯ ಊರ ಜಾತ್ರೆ ಅಂತ ಹೋಗಿ ಎಂಟು ದಿನ ಬರ್ಲೇ ಇಲ್ಲ. ಅಜ್ಜನಿಗೆ ತಡೆಯೋಕಾಗಿಲ್ಲ. ಪುಸ್ತಕ ಎತ್ಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೂತ್ರಂತೆ. ಎಂಟು ದಿನದಲ್ಲಿ ಎಷ್ಟು ಪುಟ ಆಯ್ತೋ ಗೊತ್ತಿಲ್ಲ. ಆದ್ರೆ ಆಮೇಲೆ ಅಜ್ಜ ಓದೋದನ್ನ ನಿಲ್ಲಿಸ್ಲಿಲ್ಲ. ನನ್ನ ನೆನಪಿನಲ್ಲೂ ಅಜ್ಜ ಪೇಪರ್ ಓದೋವಾಗ ಬೆರಳಿಟ್ಟೇ ಓದೋರು. ನಾನು ನಗ್ತಿದ್ದೆ, ಈಗ ನಾಚಿಕೆ ಆಗುತ್ತೆ.

ಈ ಪುಸ್ತಕ ಅದೇ ಪುಸ್ತಕನಾ ಅಂತ ಕೇಳ್ದೆ. ಅಪ್ಪಾಜಿಗೆ ಗೊತ್ತಿಲ್ಲ. ತಾವು ಏಳನೇ ಕ್ಲಾಸಿನಲ್ಲಿದ್ದಾಗ ಕದ್ದು ಓದಿದ್ದು, ಆಗಲೇ ಕೊನೆ ಇರ್ಲಿಲ್ಲ. ಅಜ್ಜನ್ನ ಕೇಳಿದ್ರೆ "ಹೇಳಿದ್ರೆ ಏನು ಮಜಾ, ನೀನೇ ಎಲ್ಲಾದ್ರೂ ಹುಡ್ಕಿ ಓದ್ಕ" ಅಂದ್ರಂತೆ. ಅಜ್ಜ 2009ರಲ್ಲಿ ಹೋದ್ರು. ಅಲ್ಲಿಗೆ ಕೊಲೆಗಾರನ ಹೆಸರು ಗೊತ್ತಿದ್ದ ಏಕೈಕ ಸಾಕ್ಷಿನೂ ಹೋದಂಗಾಯ್ತು.

ನಾನು ಇದನ್ನ ಒಂದು ಬಗ್ ಥರ ತಗೊಂಡೆ. ಪುಸ್ತಕದ ಹೆಸರು ಕಂಡುಹಿಡೀಬೇಕು, ಅಷ್ಟೇ. ಒಂದು ವೀಕೆಂಡ್ ಕೆಲಸ ಅಂದ್ಕೊಂಡಿದ್ದೆ. ಹೆಚ್ಚೂ ಕಮ್ಮಿ ಒಂದು ವರ್ಷ ಆಯ್ತು. ಈ ಹುಡುಕಾಟದಲ್ಲಿ ಗೊತ್ತಾಗಿದ್ದನ್ನ, ಓದಿದ್ದನ್ನ, ಓದಿ ಅಂತ ನಿಮಗೆ ಹೇಳ್ಬೇಕು ಅನ್ಸಿದ್ದನ್ನ ಇಲ್ಲಿ ಹಾಕ್ತಿದ್ದೀನಿ.

*

ಮೊದಲು ಒಂದು ವಿಷಯ. ನಮ್ಮಲ್ಲಿ ಪತ್ತೇದಾರಿ ಅಂದ ತಕ್ಷಣ ಮೂಗು ಮುರಿಯೋರು ಬಹಳ. "ಅದೆಲ್ಲ ಟೈಂಪಾಸ್ ಕಣ್ರೀ, ಸಾಹಿತ್ಯ ಅಲ್ಲ" ಅಂತ. ಅವರಿಗೆ ನಾನು ಕೇಳೋದು ಒಂದೇ: ಕನ್ನಡ ಕಾದಂಬರಿಯ ಮುತ್ತಜ್ಜ ಅಂತ ಯಾವುದನ್ನ ಕರೀತಾರೆ ಗೊತ್ತಾ? ಕೆಂಪುನಾರಾಯಣ 1823ರಲ್ಲಿ ಬರೆದ 'ಮುದ್ರಾಮಂಜೂಷ'. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗದ್ಯ ಕೃತಿ. ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕದ ಕತೆ ಅದರ ಮೂಲ. ಆ ಕತೆಯಲ್ಲಿ ಏನಿದೆ ಅಂದ್ರೆ: ವೇಷ ಮರೆಸಿಕೊಂಡು ಓಡಾಡೋ ಗೂಢಚಾರರು, ಕೈತಪ್ಪಿದ ಒಂದು ಮುದ್ರೆಯುಂಗುರ, ಅದೇ ಮುದ್ರೆ ಒತ್ತಿದ ಖೋಟಾ ಪತ್ರ, ವಿಷಕನ್ಯೆ, ಎರಡೂ ಕಡೆ ಆಡೋ ಏಜೆಂಟರು. ಇದನ್ನ ಸ್ಪೈ ಥ್ರಿಲ್ಲರ್ ಅನ್ನದೇ ಇನ್ನೇನನ್ಬೇಕು? ಎಡ್ಗರ್ ಅಲನ್ ಪೋ ತನ್ನ ಮೊದಲ ಪತ್ತೇದಾರಿ ಕತೆ ಬರೆದಿದ್ದು 1841ರಲ್ಲಿ, ಷೆರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ. ನಮ್ಮೋರು ಅದಕ್ಕೂ ಮುಂಚೆ ಉಂಗುರದ ಹಿಂದೆ ಬಿದ್ದಿದ್ರು.

(ಮುದ್ರಾಮಂಜೂಷ ಓದಿ ಅಂತ ಹೇಳಲ್ಲ. ನಾನೇ ಮೂವತ್ತು ಪುಟಕ್ಕೆ ಸುಸ್ತಾದೆ. ಭಾಷೆ ಕಬ್ಬಿಣದ ಕಡಲೆ. ಇಂಜಿನಿಯರಿಂಗ್ ಓದಿದ ಹಲ್ಲಿಗೆ ಆಗಲ್ಲ.)

ಇನ್ನೊಂದು ತಮಾಷೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರಾದ 'ಇಂದಿರಾಬಾಯಿ' (1899) ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದೋರು. ಪೊಲೀಸ್ನೋರು ವಿಧವಾ ವಿವಾಹದ ಬಗ್ಗೆ ಬರೆದ್ರು, ಹಾಗಾದ್ರೆ ಕಳ್ಳರ ಬಗ್ಗೆ ಬರೆದಿದ್ದು ಯಾರು? ಒಬ್ಬ ಹೆಡ್ಮಾಸ್ಟರು! ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಎಂ. ವೆಂಕಟಕೃಷ್ಣಯ್ಯ. ಮೈಸೂರಿನೋರಿಗೆ 'ತಾತಯ್ಯ' ಅಂದ್ರೆ ಥಟ್ಟಂತ ಗೊತ್ತಾಗುತ್ತೆ. ಪತ್ರಿಕೆ ನಡೆಸಿದೋರು, ಬಡ ಹುಡುಗರನ್ನ ಓದಿಸಿದೋರು, 1933ರಲ್ಲಿ ತೀರಿಕೊಂಡ ದೊಡ್ಡ ಮನುಷ್ಯರು. ಅವರ 'ಚೋರಗ್ರಹಣ ತಂತ್ರ' ಕನ್ನಡದ ತೀರಾ ಹಳೇ ಪತ್ತೇದಾರಿ ಪುಸ್ತಕಗಳಲ್ಲಿ ಒಂದು. ಹೆಸರು ನೋಡಿ, ಕಳ್ಳನ್ನ ಹಿಡಿಯೋ ಟೆಕ್ನಿಕ್ ಅಂತ. ಒಬ್ಬ ಮೇಷ್ಟ್ರು ಹುಡುಗರ ಕೈಗೆ ಇಂಥ ಪುಸ್ತಕ ಕೊಡೋಕೆ ನಾಚ್ಕೊಳ್ಲಿಲ್ಲ ಅನ್ನೋದು ನನಗೆ ಬಹಳ ಇಷ್ಟ ಆಯ್ತು.

ಇದು ಬರೀ ನಮ್ಮ ಕತೆ ಅಲ್ಲ. ಹಿಂದಿಯಲ್ಲಿ ದೇವಕೀನಂದನ ಖತ್ರಿಯ 'ಚಂದ್ರಕಾಂತಾ' ಬಂದಿದ್ದು 1888ರಲ್ಲಿ. ಅದನ್ನ ಓದೋ ಆಸೆಗೇ ಎಷ್ಟೋ ಜನ ನಾಗರಿ ಲಿಪಿ ಕಲಿತ್ರು ಅಂತ ಹಿಂದಿಯೋರು ಇವತ್ತಿಗೂ ಹೇಳ್ತಾರೆ. ಅದನ್ನ ಓದಿದಾಗ ನನಗೆ ಮಿಲ್ಲಿನ ರೂಮಿನ ಲಾಟೀನು ಕಣ್ಮುಂದೆ ಬಂತು.

*

ನಮ್ಮ ಖತ್ರಿ ಅಂದ್ರೆ ಎನ್. ನರಸಿಂಹಯ್ಯ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದೋರು ಯಾರಾದ್ರೂ ಇದ್ರೆ ಈ ಹೆಸರು ಹೇಳಿ ನೋಡಿ, ಮುಖ ಅರಳುತ್ತೆ. 1925ರಲ್ಲಿ ಹುಟ್ಟಿದ್ದು, ಓದಿದ್ದು ನಾಲ್ಕನೇ ಕ್ಲಾಸು. 1950ರ ದಶಕದ ಆರಂಭದಲ್ಲಿ ಬರೆಯೋಕೆ ಶುರು ಮಾಡಿದೋರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ್ರು. ಐನೂರು! ನಾನು ಕೆಲಸಕ್ಕೆ ಸೇರಿದ ಮೇಲೆ ಐನೂರು ಇಮೇಲ್ ಸರಿಯಾಗಿ ಬರೆದಿದ್ದೀನೋ ಇಲ್ವೋ. ಅವರ ಪತ್ತೇದಾರರು ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಮ. ಪತ್ತೇದಾರ ಪುರುಷೋತ್ತಮ ಅಂದ್ರೆ ಆ ಕಾಲದ ಹುಡುಗರಿಗೆ ನಮಗೆ ಈಗಿನ ಸೂಪರ್ ಹೀರೋಗಳಿದ್ದಂಗೆ.

ನಾಲ್ಕನೇ ಕ್ಲಾಸು ಅನ್ನೋದನ್ನ ಎಲ್ರೂ ಒಂದು ಪವಾಡದ ಥರ ಹೇಳ್ತಾರೆ. ನನಗನ್ಸೋದು ಬೇರೆ. ಅವರು ಯಾರಿಗಾಗಿ ಬರೀತಿದ್ರೋ ಅವರ ಓದೂ ಹೆಚ್ಚೂ ಕಮ್ಮಿ ಅಷ್ಟೇ ಇತ್ತು. ಚಿಕ್ಕ ಚಿಕ್ಕ ವಾಕ್ಯ, ತುಂಬಾ ಸಂಭಾಷಣೆ, ಅಧ್ಯಾಯ ಮುಗಿಯೋವಾಗ ಬಾಗಿಲು ಯಾರೋ ತಟ್ಟಿರ್ತಾರೆ. ಎರಡನೇ ಇಯತ್ತೆ ಓದಿದ ಮಿಲ್ಲಿನ ಕೂಲಿಯವನ ಬೆರಳು ತಡವರಿಸದೆ ಮುಂದಕ್ಕೆ ಹೋಗೋ ಥರದ ಕನ್ನಡ. ಹಳೇ ಕಾಲದ ದೊಡ್ಡ ಲೇಖಕರ ಒಂದು ಪ್ಯಾರಾ ಅಜ್ಜನ ಮುಂದೆ ಇಟ್ಟಿದ್ರೆ ಅವರು ಆವತ್ತೇ ಪುಸ್ತಕ ಮುಚ್ಚಿ ಬೀಡಿ ಹಚ್ಚಿರೋರು.

ಬೀಡಿ ಅಂದಾಗ ನೆನಪಾಯ್ತು, ಈ ಪುಸ್ತಕಗಳು ಓಡಾಡಿದ ದಾರಿನೂ ಅಂಥದ್ದೇ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿ, ರೈಲ್ವೆ ಸ್ಟೇಷನ್ನು, ಬಾಡಿಗೆ ಲೈಬ್ರರಿ. ಅಪ್ಪಾಜಿ ಹೈಸ್ಕೂಲಿಗೆ ಅಂತ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದಾಗ ಒಂದು ಬಾಡಿಗೆ ಲೈಬ್ರರಿಗೆ ಹೋಗೋರಂತೆ. ದಿನಕ್ಕೆ ಹತ್ತು ಪೈಸೆ. ಒಂದು ದಿನದ ಬಾಡಿಗೆಯಲ್ಲಿ ನಾಲ್ಕು ಜನ ಓದಿ ಮುಗಿಸ್ಬೇಕು, ಅದಕ್ಕೆ ಪುಸ್ತಕವನ್ನ ನಡುವೆ ಬಿಚ್ಚಿ ಭಾಗ ಮಾಡ್ಕೊಳ್ಳೋರಂತೆ! ಒಬ್ಬ ಮೊದಲ ಅರ್ಧ ಓದ್ತಿರೋವಾಗ ಇನ್ನೊಬ್ಬ ಎರಡನೇ ಅರ್ಧ. ಕೊಲೆಗಾರ ಸಿಕ್ಕಿದ ಮೇಲೆ ಕೊಲೆ ಆಗೋದನ್ನ ಓದಿದೋರು ಪ್ರಪಂಚದಲ್ಲಿ ಇವರೇ ಇರ್ಬೇಕು :)

ಅಟ್ಟದ ಪುಸ್ತಕ ನರಸಿಂಹಯ್ಯನೋರದ್ದೇ ಅಂತ ಅಪ್ಪಾಜಿಯ ವಾದ. ಆದ್ರೆ ಅದರಲ್ಲಿರೋ ಪತ್ತೇದಾರನ ಹೆಸರು ಮೇಲೆ ಹೇಳಿದ ನಾಲ್ಕರಲ್ಲಿ ಯಾವುದೂ ಅಲ್ಲ. ಹಾಗಂತ ಅವರದ್ದಲ್ಲ ಅಂತಾನೂ ಹೇಳೋಕಾಗಲ್ಲ. ಐನೂರು ಬರೆದೋರು ಒಂದು ಸಲ ಐದನೇಯವನನ್ನ ಕರ್ಕೊಂಡು ಬಂದಿರಬಹುದು.

ಇಲ್ಲಿ ನನಗೆ ಎರಡನೇ ಶಂಕಿತ ಸಿಕ್ಕಿದ್ರು. ಮ. ರಾಮಮೂರ್ತಿ.

ಈ ಹೆಸರು ನಿಮಗೆ ಬೇರೆ ಕಾರಣಕ್ಕೆ ಗೊತ್ತಿರುತ್ತೆ. ನವೆಂಬರ್ 1ಕ್ಕೆ ನಮ್ಮ ಆಫೀಸಿನಲ್ಲೂ ಹಳದಿ ಕೆಂಪು ಬಾವುಟ ಹಾರಿಸ್ತೀವಲ್ಲ, 1960ರ ದಶಕದಲ್ಲಿ ಆ ಬಾವುಟಕ್ಕೆ ರೂಪ ಕೊಟ್ಟೋರು ಅವರೇ. ಕನ್ನಡ ಚಳವಳಿಯ ಮುಂದಾಳು. ಆದ್ರೆ ಆ ಮನುಷ್ಯ ರಾಶಿ ರಾಶಿ ಪತ್ತೇದಾರಿ ಕಾದಂಬರಿ ಬರೆದಿದ್ರು ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ. ತಂದೆ 'ವೀರಕೇಸರಿ' ಸೀತಾರಾಮ ಶಾಸ್ತ್ರಿಗಳೂ ಕಾದಂಬರಿಕಾರರು. ಬಾವುಟ ಹಿಡಿದು ಬೀದಿಗಿಳಿದೋರು ರಾತ್ರಿ ಮನೆಗೆ ಬಂದು ಕೊಲೆಗಾರರ ಬೆನ್ನು ಹತ್ತೋರು! ಕನ್ನಡದಲ್ಲಿ ಜನ ಸಿನಿಮಾ ನೋಡ್ಬೇಕು, ಕನ್ನಡದಲ್ಲಿ ಓದ್ಬೇಕು ಅಂತ ಹೋರಾಡೋದು ಒಂದು ಕಡೆ, ಓದಲೇಬೇಕು ಅನ್ನಿಸೋಂಥದ್ದನ್ನ ಬರೆಯೋದು ಇನ್ನೊಂದು ಕಡೆ. ನನಗೆ ಎರಡೂ ಒಂದೇ ಕೆಲಸದ ಎರಡು ಕೈ ಥರ ಕಾಣುತ್ತೆ. 1967ರ ಡಿಸೆಂಬರ್ 25ರಂದು ತೋಟದಲ್ಲಿ ಬಾವಿ ತೋಡಿಸ್ತಿರೋವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜೊತೆ ಅವರೂ ತೀರಿಹೋದ್ರು. ಅದನ್ನ ಓದಿದ ದಿನ ಮುಂದೆ ಹುಡುಕೋಕೆ ಮನಸ್ಸಾಗ್ಲಿಲ್ಲ.

*

ಹುಡುಕಾಟದ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ಒಂದು ಗ್ರಂಥಾಲಯಕ್ಕೆ ಹೋಗಿ "ಹಳೇ ಪತ್ತೇದಾರಿ ಕಾದಂಬರಿ ನೋಡ್ಬೇಕಿತ್ತು" ಅಂದೆ. ಅಲ್ಲಿದ್ದೋರು ನನ್ನನ್ನ ಮೇಲಿಂದ ಕೆಳಗೆ ನೋಡಿ, "ಅವೆಲ್ಲ ಯಾವಾಗ್ಲೋ ಹರಿದು ಹೋಗಿ ರದ್ದಿಗೆ ಹೋದ್ವು ಸಾರ್. ನೀವು ಒಳ್ಳೇ ಪುಸ್ತಕ ಏನಾದ್ರೂ ಓದಿ" ಅಂದ್ರು. ಕೋಪ ಬಂತು. ಆಮೇಲೆ ಯೋಚನೆ ಮಾಡಿದ್ರೆ ಅವರು ಹೇಳಿದ್ದು ನಿಜಾನೇ. ಅಷ್ಟು ಜನ ಓದಿದ್ದಕ್ಕೇ ಅವು ಹರಿದಿದ್ದು. ಕಪಾಟಿನಲ್ಲಿ ಹೊಸದಾಗಿ ಹೊಳೀತಾ ಇರೋವು ಯಾರೂ ಮುಟ್ಟದೇ ಇರೋ 'ಒಳ್ಳೇ ಪುಸ್ತಕ'ಗಳು.

ಇದರಲ್ಲಿ ಕಾಗದದ ಪಾಲೂ ಇದೆ. ಈ ಪುಸ್ತಕಗಳು ಅಚ್ಚಾಗಿದ್ದು ಅಗ್ಗದ ನ್ಯೂಸ್‌ಪ್ರಿಂಟಿನ ಜಾತಿಯ ಕಾಗದದಲ್ಲಿ. ಮರವನ್ನ ಅರೆದು ಮಾಡೋ ಕಾಗದದಲ್ಲಿ ಲಿಗ್ನಿನ್ ಅನ್ನೋ ಅಂಶ ಹಾಗೇ ಉಳಿಯುತ್ತೆ. ಬೆಳಕು, ಗಾಳಿ ತಾಗಿ ಅದು ಕಂದಾಗುತ್ತೆ, ಜೊತೆಗೆ ಆಮ್ಲ ಹುಟ್ಟಿ ಕಾಗದದ ಎಳೆಗಳನ್ನ ಕಡಿಯುತ್ತೆ. ಐವತ್ತು ಅರವತ್ತು ವರ್ಷಕ್ಕೆ ಹಪ್ಪಳ. ನಮ್ಮ ಪುಸ್ತಕದ ಪುಟ ತಿರುಗಿಸಿದ್ರೆ ಮೂಲೆ ಕೈಗೇ ಬರುತ್ತೆ. ಫೋಟೋ ತೆಗೆದಿಟ್ಕೊಂಡಿದ್ದೀನಿ, 96 ಪುಟನೂ.

ಅವೆನ್ಯೂ ರೋಡಿನ ಒಬ್ಬ ಹಳೇ ಪುಸ್ತಕದ ವ್ಯಾಪಾರಿ ಮಾತ್ರ ಬಹಳ ಸಹಾಯ ಮಾಡಿದ್ರು. ಪುಸ್ತಕ ಕೈಗೆ ಕೊಟ್ಟ ತಕ್ಷಣ ಓದ್ಲಿಲ್ಲ, ಬೆನ್ನು ನೋಡಿದ್ರು. ಹೊಲಿಗೆ ನೋಡಿದ್ರು. ಪುಟ ಎಣಿಸಿದ್ರು. "ಮೊದಲನೇ ಫಾರಂ ಇಲ್ಲ, ಕೊನೇ ಫಾರಂ ಇಲ್ಲ. ಹದಿನಾರು ಪುಟಕ್ಕೆ ಒಂದು ಫಾರಂ. ನಿಮ್ಮದು 17ರಿಂದ 112, ಅಂದ್ರೆ ಸರಿಯಾಗಿ ಆರು ಫಾರಂ ಉಳಿದಿದೆ. ಪೂರ್ತಿ ಪುಸ್ತಕ 128 ಇರಬೇಕು" ಅಂದ್ರು. ಪತ್ತೇದಾರ ಪುರುಷೋತ್ತಮನೇ ಎದುರಿಗೆ ಬಂದು ಕೂತಂಗಾಯ್ತು ನನಗೆ! ಹರಿದಿದ್ದಲ್ಲ, ಹೊಲಿಗೆ ಬಿಟ್ಟು ಉದುರಿದ್ದು. ಅಂದ್ರೆ ನಮ್ಮ ಕೊಲೆಗಾರ ಎಲ್ಲೋ ಆ ಹದಿನಾರು ಪುಟದೊಳಗೆ ಕೂತಿದ್ದಾನೆ. ಹೆಸರು ಮಾತ್ರ ಅವರಿಗೂ ಗೊತ್ತಾಗ್ಲಿಲ್ಲ. ತಿಂಗಳಿಗೆ ಹತ್ತು ಹೊಸ ಪತ್ತೇದಾರಿ ಬರ್ತಿದ್ದ ಕಾಲ ಸ್ವಾಮಿ ಅದು, ಯಾವುದು ಅಂತ ಹೇಳೋದು ಅಂದ್ರು.

ಕಾನೂನಿನ ಲೆಕ್ಕ ಒಂದು ಹಾಕಿ ನೋಡ್ದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತೆ. ತಾತಯ್ಯನವರ ಪುಸ್ತಕಗಳು ಯಾವಾಗ್ಲೋ ಎಲ್ಲರ ಸ್ವತ್ತಾಗಿವೆ. ಮ. ರಾಮಮೂರ್ತಿಯವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2028ರ ಜನವರಿ 1ಕ್ಕೆ ಮುಕ್ತ ಆಗುತ್ತವೆ. ಯಾರು ಬೇಕಾದ್ರೂ ಸ್ಕ್ಯಾನ್ ಮಾಡಬಹುದು, ಟೈಪ್ ಮಾಡಬಹುದು, ಹಂಚಬಹುದು. ಆದ್ರೆ ಸ್ಕ್ಯಾನ್ ಮಾಡೋಕೆ ಒಂದು ಪೂರ್ತಿ ಪ್ರತಿ ಬೇಕಲ್ಲ? ನರಸಿಂಹಯ್ಯನವರು ಹೋಗಿದ್ದು 2011ರ ಡಿಸೆಂಬರಿನಲ್ಲಿ. ಅವರ ಪುಸ್ತಕಗಳು ಮುಕ್ತ ಆಗೋದು 2072ಕ್ಕೆ. ಆ ಕಾಗದ ಅಲ್ಲೀವರೆಗೆ ಇರುತ್ತೆ ಅಂತ ನನಗೆ ನಂಬಿಕೆ ಇಲ್ಲ. ಐನೂರು ಪುಸ್ತಕದ ಹೆಸರುಗಳ ಒಂದು ಎಕ್ಸೆಲ್ ಶೀಟ್ ಮಾಡೋಣ ಅಂತ ಕೂತೆ. ಎಷ್ಟು ಒದ್ದಾಡಿದ್ರೂ ಎಪ್ಪತ್ತು ದಾಟ್ಲಿಲ್ಲ, ಅದರಲ್ಲೂ ಅರ್ಧಕ್ಕೆ ವರ್ಷ ಇಲ್ಲ.

*

ಸರಿ, ಸಿಗದೇ ಇರೋ ಪುಸ್ತಕದ ಬಗ್ಗೆ ಎಷ್ಟು ಅಂತ ಕೊರೆಯೋದು. ಅಂಗಡಿಯಲ್ಲೋ ಲೈಬ್ರರಿಯಲ್ಲೋ ಸಿಗೋದನ್ನ ಹೇಳ್ತೀನಿ.

ಟಿ.ಕೆ. ರಾಮರಾವ್ ಓದಿ. 'ಬಂಗಾರದ ಮನುಷ್ಯ' ಸಿನಿಮಾ (1972) ಅವರ ಕಾದಂಬರಿಯಿಂದ ಬಂದಿದ್ದು ಅಂತ ಎಲ್ಲರಿಗೂ ಗೊತ್ತು. ರಾಜೀವಪ್ಪನನ್ನ ಸೃಷ್ಟಿ ಮಾಡಿದೋರು ಅಸಲಿಗೆ ರಹಸ್ಯ, ಸಾಹಸದ ಕಾದಂಬರಿಗಳ ಉಸ್ತಾದ್ ಅನ್ನೋದು ನಮ್ಮ ವಯಸ್ಸಿನೋರಿಗೆ ಅಷ್ಟು ಗೊತ್ತಿಲ್ಲ. 'ಕಹಳೆ ಬಂಡೆ'ಯಿಂದ ಶುರು ಮಾಡಿ. ನರಸಿಂಹಯ್ಯನವರಲ್ಲಿ ಕತೆ ಓಡುತ್ತೆ, ರಾಮರಾಯರಲ್ಲಿ ಜಾಗ ಕಾಣುತ್ತೆ. ಬೆಟ್ಟ, ಎಸ್ಟೇಟು, ಮಳೆ, ಒಂಟಿ ಬಂಗಲೆ, ಎಲ್ಲ ನಿಮ್ಮ ಸುತ್ತ ಬಂದು ನಿಲ್ಲುತ್ತೆ.

ದೆವ್ವ ಭೂತ ಬೇಕು ಅನ್ನೋರಿಗೆ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ತೆಲುಗಿನದ್ದು, ಕನ್ನಡಕ್ಕೆ ಬಂದು ಮನೆಮನೆಯಲ್ಲೂ ಹೆದರಿಸ್ತು, 1985ರಲ್ಲಿ ಕನ್ನಡ ಸಿನಿಮಾನೂ ಆಯ್ತು. ಒಂದು ಪುಟ್ಟ ಹುಡುಗಿಯ ಮೇಲೆ ಮಾಡಿಸೋ ಮಾಟದ ಕತೆ. ಅಮ್ಮ ಇದನ್ನ ಓದಿದ ಮೇಲೆ ಒಂದು ತಿಂಗಳು ರಾತ್ರಿ ಹಿತ್ತಲಿಗೆ ಒಬ್ಬಳೇ ಹೋಗಿಲ್ವಂತೆ. ನಾನು ಓದಿದಾಗ ನನಗೆ ಹೆದರಿಕೆ ಆಗ್ಲಿಲ್ಲ, ಸಿಟ್ಟು ಬಂತು. ಮಾಟಾನೂ ನಿಜ, ವಿಜ್ಞಾನನೂ ನಿಜ ಅಂತ ಎರಡು ದೋಣಿಯಲ್ಲಿ ಕಾಲಿಡೋ ಆಟ ಇದೆ ಅದರಲ್ಲಿ. ಮಾಟದ ಹೆಸರಲ್ಲಿ ನಮ್ಮ ಕಡೆ ಹಳ್ಳಿಗಳಲ್ಲಿ ಬಡವರ ದುಡ್ಡು ಹೇಗೆ ಹೋಗುತ್ತೆ ಅಂತ ನೋಡಿದೋನಿಗೆ ಅದು ಸುಲಭಕ್ಕೆ ಇಳಿಯಲ್ಲ. ಆದ್ರೂ ಕೆಳಗಿಡೋಕೆ ಆಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ರವಿ ಬೆಳಗೆರೆಯವರ 'ಮಾಟಗಾತಿ', 'ಸರ್ಪ ಸಂಬಂಧ'ನೂ ಇದೇ ಸಾಲಿಗೆ ಸೇರಿಸ್ಕೊಳ್ಳಿ. ಯಂಡಮೂರಿಯವರದ್ದೇ 'ಬೆಳದಿಂಗಳ ಬಾಲೆ'ಯಲ್ಲಿ ದೆವ್ವನೂ ಇಲ್ಲ, ಕೊಲೆನೂ ಇಲ್ಲ, ಫೋನಿನಲ್ಲಿ ಒಂದು ದನಿ ಮಾತ್ರ. ಅದೇ ಕತೆಯ ಸಿನಿಮಾವನ್ನ 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ ಮಾಡಿದ್ರು. ಮೊದಲು ಪುಸ್ತಕ ಓದಿ, ಆಮೇಲೆ ಅನಂತ್‌ನಾಗ್‌ನ ನೋಡಿ.

ತೇಜಸ್ವಿ ಬಗ್ಗೆ ನಾನು ಹೊಸದಾಗಿ ಹೇಳೋದೇನಿದೆ. ಆದ್ರೂ ಒಂದು ಮಾತು. ನಾವೆಲ್ಲ ತೇಜಸ್ವಿಯನ್ನ ಕಾಡು, ಪರಿಸರ, ಮಾಯಾಲೋಕ ಅಂತ ಓದ್ತೀವಿ. ಒಂದು ಸಲ ಪತ್ತೇದಾರಿ ಅಂತ ಓದಿ ನೋಡಿ. 'ಚಿದಂಬರ ರಹಸ್ಯ' (1985) ಶುರುವಾಗೋದೇ ಏಲಕ್ಕಿ ಬೆಳೆ ಯಾಕೆ ನೆಲಕಚ್ಚುತ್ತಿದೆ ಅಂತ ಪತ್ತೆ ಮಾಡೋಕೆ ಕೆಸರೂರಿಗೆ ಬರೋ ಅಧಿಕಾರಿಯಿಂದ, ಅದರೊಳಗೊಂದು ನಿಗೂಢ ಸಾವು. 'ಜುಗಾರಿ ಕ್ರಾಸ್' (1994) ಹೆಚ್ಚೂ ಕಮ್ಮಿ ಒಂದು ದಿನದೊಳಗೆ ಮುಗಿಯೋ ಥ್ರಿಲ್ಲರ್. ರೈಲು, ಸುರಂಗ, ಗಂಡ ಹೆಂಡತಿ, ಒಂದು ಹಳೇ ಕಾವ್ಯದೊಳಗೆ ಅಡಗಿರೋ ರಹಸ್ಯ. 'ಕರ್ವಾಲೊ'ದಲ್ಲಿ ಹುಡುಕ್ತಿರೋದು ಕೊಲೆಗಾರನನ್ನಲ್ಲ, ಹಾರೋ ಓತಿಯನ್ನ, ಅಷ್ಟೇ ವ್ಯತ್ಯಾಸ. 'ಚಿದಂಬರ ರಹಸ್ಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂದ್ರೆ ಮೂಗು ಮುರಿಯೋರೂ ಪತ್ತೇದಾರಿ ಓದಿ ಚಪ್ಪಾಳೆ ಹೊಡೆದಿದ್ದಾರೆ, ಗೊತ್ತಿಲ್ಲದೆ ;)

ಕೊನೆಗೆ ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ, ಬೆಂಗಳೂರಿನ ಜಿಕೆವಿಕೆಯಲ್ಲಿ ಪ್ರೊಫೆಸರ್ ಆಗಿದ್ದೋರು. ಇತಿಹಾಸದ ಒಂದು ನಿಜವಾದ ಒಗಟು ತಗೊಂಡು ಅದರ ಸುತ್ತ ಥ್ರಿಲ್ಲರ್ ಕಟ್ತಾರೆ, ಆಧಾರಗಳನ್ನೂ ಕೊಡ್ತಾರೆ. ನಾನು ಮೊದಲು ಓದಿದ್ದು 'ಕನಕ ಮುಸುಕು'. ಹೆಸರು ಓದಿ ಏನೂ ಹೊಳೀಲಿಲ್ಲ. ಪಕ್ಕದ ಸೀಟಿನ ಮೈಸೂರಿನ ಗೆಳೆಯನಿಗೆ ಕೇಳಿದ್ರೆ ಅವನು ಕೂಡಲೇ "ಮುಸುಕಿನ ಜೋಳ ಏನೋ ಇರ್ಬೇಕು" ಅಂದ. ನಮ್ಮ ಕಡೆ ನಾವು ಮೆಕ್ಕೆಜೋಳ ಅಂತೀವಿ, ಅದಕ್ಕೇ ನನಗೆ ಹೊಳೀಲಿಲ್ಲ. ಹುಟ್ಟಿದಾಗಿಂದ ಮೆಕ್ಕೆಜೋಳದ ಹೊಲದಲ್ಲಿ ಓಡಾಡಿ, ಅದರ ದುಡ್ಡಲ್ಲೇ ಇಂಜಿನಿಯರಿಂಗ್ ಓದಿದೋನಿಗೆ ಹೀಗಾಗ್ಬಾರದಿತ್ತು.

ಒಗಟು ಏನಂದ್ರೆ, ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ಅದಕ್ಕೂ ಮುಂಚೆ ಅದು ಇಲ್ಲಿಗೆ ಬಂದಿರೋಕೆ ಸಾಧ್ಯ ಇಲ್ಲ ಅಂತ ಲೆಕ್ಕ. ಆದ್ರೆ 13ನೇ ಶತಮಾನದ ಸೋಮನಾಥಪುರದ ಕೇಶವ ದೇವಸ್ಥಾನದ ಶಿಲ್ಪಗಳ ಕೈಯಲ್ಲಿ ಥೇಟ್ ಮೆಕ್ಕೆಜೋಳದ ತೆನೆ ಥರದ್ದೇ ಏನೋ ಇದೆ! ಕಾರ್ಲ್ ಯೋಹಾನೆಸ್ಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಒಂದು ವೈಜ್ಞಾನಿಕ ಪತ್ರಿಕೆಯಲ್ಲಿ ಇದು ಮೆಕ್ಕೆಜೋಳವೇ ಅಂತ ವಾದ ಮಾಡಿದ್ರು. ನಮ್ಮ ದೇಶದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚನ್ 1993ರಲ್ಲಿ ಅಲ್ಲವೇ ಅಲ್ಲ, ಅದು ಮುತ್ತುಗಳಿಂದ ಮಾಡಿದ ಮುಕ್ತಾಫಲ ಅಂತ ಉತ್ತರ ಕೊಟ್ರು. ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪೋದು ಕೊಲಂಬಸ್ ಆದ್ಮೇಲೇ ಮೆಕ್ಕೆಜೋಳ ಈ ಕಡೆ ಬಂತು ಅನ್ನೋದನ್ನ. ಕಾದಂಬರಿ ಬೇರೆ ದಾರಿ ಹಿಡಿಯುತ್ತೆ, ಅದನ್ನ ನಾನು ಹೇಳಲ್ಲ.

ಅಪ್ಪಾಜಿಯನ್ನ ಸೋಮನಾಥಪುರಕ್ಕೆ ಕರ್ಕೊಂಡು ಹೋಗಿದ್ದೆ. ಸುತ್ತಿ ಸುತ್ತಿ, ಕಣ್ಣು ಕಿರಿದು ಮಾಡಿ ಆ ಶಿಲ್ಪಗಳನ್ನ ಬಹಳ ಹೊತ್ತು ನೋಡಿದ್ರು. "ಏನನ್ಸುತ್ತೆ?" ಅಂದೆ. "ಕಾಳು ಸಾಲು ಸರಿ ಐತಿ. ಆದ್ರೆ ರವದಿ ಸುಲಿದದ್ದು ಹಿಂಗೆ ಇರಂಗಿಲ್ಲ ಬಿಡು" ಅಂದ್ರು. ಇದನ್ನೂ ಯಾರಾದ್ರೂ ವೈಜ್ಞಾನಿಕ ಪತ್ರಿಕೆಗೆ ಕಳಿಸ್ಬೇಕು.

*

ಈಗ ನನ್ನ ಬೇಡಿಕೆ. ನಿಮ್ಮ ಮನೆ ಅಟ್ಟದಲ್ಲೋ, ಹಳೇ ಟ್ರಂಕಿನಲ್ಲೋ, ಊರಿನ ಯಾರದ್ದಾದ್ರೂ ಕಪಾಟಿನಲ್ಲೋ ಹಳೇ ಪತ್ತೇದಾರಿ ಕಾದಂಬರಿಗಳು ಸಿಕ್ರೆ ರದ್ದಿಗೆ ಹಾಕೋ ಮುಂಚೆ ನನಗೊಂದು ಮಾತು ಹೇಳಿ. ರಟ್ಟು, ಒಳಗಿನ ಮೊದಲ ಪುಟ, ಕೊನೇ ಪುಟದ ಫೋಟೋ ಕಳಿಸಿದ್ರೂ ಸಾಕು. ನನ್ನ ಎಕ್ಸೆಲ್ ಶೀಟಿಗೆ ಒಂದು ಸಾಲು ಸೇರುತ್ತೆ. ಅದನ್ನ ಯಾರು ಬೇಕಾದ್ರೂ ತಗೊಳ್ಳಬಹುದು.

ನಮ್ಮ ಪುಸ್ತಕದ ಗುರುತು ಹೀಗಿದೆ: ಅಂಗೈ ಅಗಲ, ಒಟ್ಟು 128 ಪುಟ ಇರಬೇಕು (ಅವೆನ್ಯೂ ರೋಡಿನೋರ ಲೆಕ್ಕ). 17ನೇ ಪುಟದಲ್ಲಿ ಪತ್ತೇದಾರ ರಾತ್ರಿ ರೈಲಿನಿಂದ ಒಂದು ಚಿಕ್ಕ ಸ್ಟೇಷನ್ನಿನಲ್ಲಿ ಇಳೀತಾನೆ, ಮಳೆ. ಸತ್ತಿರೋದು ಒಬ್ಬ ಗಡಿಯಾರ ರಿಪೇರಿಯವನು. 112ನೇ ಪುಟದ ಕೊನೆಯಲ್ಲಿ ಎಲ್ಲರನ್ನೂ ಒಂದು ಹಾಲಿನಲ್ಲಿ ಕೂರಿಸಿ ಪತ್ತೇದಾರ ಬಾಗಿಲು ಹಾಕಿ ಮಾತಾಡೋಕೆ ಶುರು ಮಾಡ್ತಾನೆ. ಅಲ್ಲಿಗೆ ಫಾರಂ ಮುಗೀತು.

ಯಾರಿಗಾದ್ರೂ ಗೊತ್ತಿದ್ರೆ ಪುಸ್ತಕದ ಹೆಸರು ಮಾತ್ರ ಹೇಳಿ, ಕೊಲೆಗಾರನ ಹೆಸರು ಬೇಡ. ಹೋದ ವಾರ ಫೋನಿನಲ್ಲಿ "ಇಷ್ಟು ಜನಕ್ಕೆ ಕೇಳ್ತೀನಿ, ಯಾರಾದ್ರೂ ಹೇಳೇ ಹೇಳ್ತಾರೆ" ಅಂದೆ. ಅದಕ್ಕೆ ಅಪ್ಪಾಜಿ, "ಹೇಳಬ್ಯಾಡ ಅನ್ನು. ಪುಸ್ತಕ ತಂದುಕೊಡು, ನಾನೇ ಓದ್ಕಂತೀನಿ" ಅಂದ್ರು.